ಸುಣ್ಣದ ಗೆರೆ

ಹಣೆಗೆ ಸುತ್ತಿದ ಬಿಳಿ ಬಟ್ಟೆಯನ್ನು ಗೋಡೆಯ ಮೊಳೆಗೆ ಬಿಗಿದು ಕೈ ತೆಗೆಯುವಷ್ಟರಲ್ಲಿ ಕರಿಬಸವಯ್ಯನವರ ಕತ್ತು ಮತ್ತೆ ಎಡಕ್ಕೆ ವಾಲಿತು.

"ತಡಿಯಪ್ಪಾ, ಇನ್ನೊಂದ್ ಸುತ್ತು ಹಾಕು. ಮೈ ಸೆಟ್ಕೊಳೋಕ್ ಮುಂಚೆ ನೆಟ್ಟಗ್ ಕೂರುಸ್ಬೇಕು," ಎಂದರು ಕ್ರಿಯೆ ಮಾಡಿಸಲು ಬಂದ ಅಯ್ನೋರು.

ಮಗ ಕಿರಣ್‌ಕುಮಾರ್ ಅಪ್ಪನ ಗದ್ದವನ್ನು ಅಂಗೈಯಲ್ಲಿ ಎತ್ತಿ ಹಿಡಿದ. ಸೊಸೆ ಕಾವ್ಯ ಬೆನ್ನಿಗೆ ದಿಂಬು ಕೊಟ್ಟಳು. ಅವರ ಪೈಕಿ ಸತ್ತವರನ್ನು ಮಲಗಿಸುವ ಪದ್ಧತಿಯಿಲ್ಲ. ಕಾಲು ಮಡಿಸಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ಕೂತ ಹಾಗೆಯೇ ಮಣ್ಣಿಗೆ ಇಳಿಸಬೇಕು.

ಶಿವರುದ್ರಮ್ಮ ಗಂಡನ ಕಾಲ ಬಳಿ ಕೂತು ಈ ಪಾಡನ್ನೆಲ್ಲ ನೋಡುತ್ತಿದ್ದಳು. ಬದುಕಿರುವ ತನಕ ಯಾವ ಎಮ್ಮೆಲ್ಲೆ, ಯಾವ ಸಾಹುಕಾರನ ಮುಂದೆಯೂ ಬಗ್ಗದ ಕತ್ತು ಅದು. ಈಗ ಮೂರು ಜನ ಹಿಡಿದರೂ ನಿಲ್ಲಲೊಲ್ಲದು. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು, ಪೇಪರ್ ಇನ್ನೂ ಬಂದಿಲ್ವಾ ಎಂದು ಕೇಳಿ, ಉತ್ತರಕ್ಕೂ ಕಾಯದೆ ಗೋಡೆಗೆ ಒರಗಿಬಿಟ್ಟಿದ್ದರು. ಪೇಪರು ಆಮೇಲೆ ಬಂತು. ಯಾರೋ ಅದನ್ನು ಮಡಚಿ ಕಿಟಕಿಯಲ್ಲಿ ಸಿಕ್ಕಿಸಿದ್ದರು.

ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಇವರನ್ನು ಪಂಚಾಕ್ಷರಿಯ ಪಕ್ಕದಲ್ಲಿ ಕೂರಿಸಬೇಕು.

ಪಂಚಾಕ್ಷರಿ ಅವರ ಮೊದಲ ಮಗ. ಮೂರು ತುಂಬುವ ಮೊದಲೇ ಕಾಮಾಲೆ ಬಂದು ಹೋದವನು. ತೊರೆಪಾಳ್ಯದಲ್ಲಿ ತೋಟ ಇದ್ದವರು ತಮ್ಮವರನ್ನು ತೆಂಗಿನ ಬುಡದಲ್ಲೇ ಮಣ್ಣು ಮಾಡುತ್ತಾರೆ. ಇಲ್ಲದವರಿಗೆ ಊರ ಸ್ಮಶಾನ. ಗುಬ್ಬಿಯ ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದ ಕರಿಬಸವಯ್ಯನವರಿಗೆ ಒಂದು ಮನೆ ಬಿಟ್ಟರೆ ಒಂದು ಅಂಗೈ ನೆಲವೂ ಇರಲಿಲ್ಲ. ಮಗುವನ್ನು ಸ್ಮಶಾನದ ಬೇವಿನ ಮರದಡಿ ಇಟ್ಟು ಬಂದ ದಿನ, "ನಾನ್ ಹೋದಾಗ ಇವ್ನ್ ಪಕ್ಕಕ್ಕೇ ಇಡ್ಸು ಕಣೇ," ಎಂದಿದ್ದರು. ಅದೇ ಕೊನೆ. ಆಮೇಲೆ ಆ ಮಗುವಿನ ಹೆಸರನ್ನು ಅವರು ಬಾಯಲ್ಲಿ ತೆಗೆಯಲಿಲ್ಲ, ಬೇರೆಯವರು ತೆಗೆದರೆ ಎದ್ದು ಹೋಗುತ್ತಿದ್ದರು. ಅಮಾವಾಸ್ಯೆಗೊಮ್ಮೆ ಅಲ್ಲಿಗೆ ಹೋಗಿ ದೀಪ ಹಚ್ಚಿ ಬರುತ್ತಿದ್ದವಳು ಶಿವರುದ್ರಮ್ಮ ಒಬ್ಬಳೇ.

ಆ ಸ್ಮಶಾನದಲ್ಲೀಗ ಪಂಚಾಯ್ತಿಯ ಕಸದ ಷೆಡ್ಡು ಎದ್ದು ನಿಂತಿದೆ.

ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಗಂಗಹನುಮಯ್ಯ ಒಳಗೆ ಬಂದು, ಹಂಚಿಕಡ್ಡಿಯೊಂದನ್ನು ಕರಿಬಸವಯ್ಯನವರ ಪಾದಕ್ಕೆ ಹಿಡಿದು ಅಳತೆಗೆ ಮುರಿದುಕೊಂಡ. ಗುಣಿ ತೋಡುವುದು ಸತ್ತವರ ಪಾದದ ಅಳತೆಯಲ್ಲೇ. ಕಡ್ಡಿಯನ್ನು ಜೇಬಿಗೆ ಇಟ್ಟುಕೊಂಡು ಅವನು ಕೇಳಿದ:

"ಗುಣಿ ಎಲ್ಲಿ ತೆಗ್ಸೋದು ಕಿರಣಪ್ಪ?"

ಷೆಡ್ಡು ಎದ್ದ ಮೇಲೆ ಊರಲ್ಲಿ ಸತ್ತವರೆಲ್ಲ ತೋಟವಂತರೇ ಆಗಿದ್ದರಿಂದ ಈ ಪ್ರಶ್ನೆ ಇವತ್ತಿನವರೆಗೆ ಯಾರಿಗೂ ಎದುರಾಗಿರಲಿಲ್ಲ. ಹೊಸ ಸ್ಮಶಾನಕ್ಕೆಂದು ಕಾಗದದ ಮೇಲೆ ತೋರಿಸಿದ ಜಾಗ ಊರಾಚೆಯ ಹುಲ್ಲುಬಂಡೆ. ಹೆಸರಲ್ಲಿ ಹುಲ್ಲಿದೆ, ನೆಲದಲ್ಲಿ ಬರೀ ಬಂಡೆ.

* * *

ಪಂಚಾಕ್ಷರಿ ತೀರಿಕೊಂಡ ವರ್ಷವೇ ಒಂದು ಎಲೆಕ್ಷನ್ ಬಂದಿತ್ತು. ಗಂಡಹೆಂಡತಿ ಇಬ್ಬರೂ ಶಾಲೆಗೆ ಹೋಗಿ ವೋಟು ಹಾಕಿ ಬರುವಾಗ ದಾರಿಯಲ್ಲಿ ಕರಿಬಸವಯ್ಯನವರು ಕೇಳಿದರು, "ಯಾರಿಗ್ ಒತ್ತಿದೆ?"

ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಮಗು ಗುಬ್ಬಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಆ ಮನುಷ್ಯನ ಹೆಂಡತಿ ಫ್ಲಾಸ್ಕಿನಲ್ಲಿ ಗಂಜಿ ತಂದುಕೊಟ್ಟಿದ್ದಳು, ತಲೆ ಸವರಿದ್ದಳು, ಮತ್ತೆ ಮತ್ತೆ ಬಂದು ವಿಚಾರಿಸಿದ್ದಳು.

ಕರಿಬಸವಯ್ಯನವರು ರಸ್ತೆಯ ನಡುವೆಯೇ ನಿಂತುಬಿಟ್ಟರು. "ಅದು ವೋಟಲ್ಲ ಕಣೇ, ಮುಯ್ಯಿ. ಮದ್ವೆ ಮನೇಲಿ ಹಾಕ್ತಾರಲ್ಲ, ಆ ಮುಯ್ಯಿ. ಆ ಮನ್ಷ ಕೆರೆ ಹೂಳೆತ್ತೋ ದುಡ್ಡು ತಿಂದವ್ನೆ, ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಅದು ನಿಜವಾದ ನಾಚಿಕೆ. ತಾನೇನೋ ಕದ್ದು ಸಿಕ್ಕಿಬಿದ್ದ ಹಾಗೆ ಸೆರಗು ಎಳೆದುಕೊಂಡು ಮನೆ ಸೇರಿದಳು.

ಮುಂದಿನ ಎಲೆಕ್ಷನ್ನಿನಿಂದ ಆ ಮನೆಯಲ್ಲಿ ಪರೀಕ್ಷೆ ಶುರುವಾಯಿತು. ವೋಟಿನ ಹಿಂದಿನ ಸಂಜೆ ದೀಪ ಹಚ್ಚಿದ ಮೇಲೆ ಕರಿಬಸವಯ್ಯನವರು ನಡುಮನೆಯಲ್ಲಿ ಚಾಪೆ ಹಾಸಿ, ಕನ್ನಡಕ ಏರಿಸಿ ಕೂರುವರು. ಯಾರ್ಯಾರು ನಿಂತವ್ರೆ? ಹೋದ ಸಲ ಗೆದ್ದೋನು ಏನ್ ಮಾಡ್ದ? ಈ ಸಲ ಗೆಲ್ಲೋನ್ ಹತ್ರ ನೀನ್ ಏನ್ ಕೇಳ್ತೀಯ? ಸರಿಯಾಗಿ ಹೇಳಿದವರಿಗೆ ಅವರ ಎಲೆಕ್ಷನ್ ಕಾರ್ಡು ಕೈಗೆ ಬರುತ್ತಿತ್ತು. ತಡವರಿಸಿದವರದು ಟ್ರಂಕಿಗೆ ಹೋಗುತ್ತಿತ್ತು. "ತಿಳೀದೋನ್ ವೋಟು ಇನ್ನೊಬ್ಬನ ಕುತ್ಗೆ ಮೇಲಿನ ಕತ್ತಿ," ಎನ್ನುವುದು ಅವರ ಮಾತು. ಕಾಲೇಜು ಓದುತ್ತಿದ್ದ ಮಗಳು ಮಾಲಿನಿ ಒಂದು ಸಲ ಫೇಲಾಗಿ ಊಟ ಬಿಟ್ಟು ಅತ್ತಿದ್ದಳು. ತುಮಕೂರಿನ ಶೆಟ್ಟಿಹಳ್ಳಿಯ ಶಾಲೆಯೊಂದರಲ್ಲಿ ಟೀಚರಾಗಿರುವ ಕಾವ್ಯ ಸೊಸೆಯಾಗಿ ಬಂದ ವರ್ಷವೇ ಪಾಸಾದಳು; ಮಾವನ ಕಣ್ಣಲ್ಲಿ ಅವಳ ಬೆಲೆ ಏರಿದ್ದು ಅವತ್ತೇ. ಅಷ್ಟೇಕೆ, ಒಂದು ವರ್ಷ ಟೈಫಾಯ್ಡ್ ಆಗಿ ಪೇಪರ್ ಓದಲಾಗದೆ ಮಲಗಿದ್ದಾಗ ಕರಿಬಸವಯ್ಯನವರು ತಮ್ಮನ್ನು ತಾವೇ ಫೇಲು ಮಾಡಿಕೊಂಡು ಮನೆಯಲ್ಲಿ ಉಳಿದಿದ್ದರು. ಆ ಮನುಷ್ಯನ ಪ್ರಾಮಾಣಿಕತೆಗೆ ಯಾರೂ ಬೊಟ್ಟು ಮಾಡುವಂತಿರಲಿಲ್ಲ. ಯಾರ ಕುಕ್ಕರೂ ಆ ಹೊಸಿಲು ದಾಟಲಿಲ್ಲ, ಯಾರ ಸೀರೆಯೂ ಮನೆಯ ತಂತಿಯ ಮೇಲೆ ಒಣಗಲಿಲ್ಲ.

ಆದರೆ ಶಿವರುದ್ರಮ್ಮ ಒಂದು ಸಲವೂ ಪಾಸಾಗಲಿಲ್ಲ. ರೊಟ್ಟಿ ತಟ್ಟುವಾಗ ಬಾಯಿಗೆ ಬರುತ್ತಿದ್ದ ಹೆಸರುಗಳೆಲ್ಲ ಗಂಡ ಕನ್ನಡಕ ಏರಿಸಿದ ಕೂಡಲೇ ಎಲ್ಲಿಗೋ ಹೋಗಿಬಿಡುತ್ತಿದ್ದವು. ಗೆದ್ದವನ ಹತ್ತಿರ ಏನು ಕೇಳುತ್ತೀಯ ಎಂದದ್ದಕ್ಕೆ, "ನಲ್ಲಿ ನೀರು ಬೆಳಿಗ್ಗೆ ಹೊತ್ತು ಬಿಡ್ಸಿ ಅಂತೀನಿ," ಎಂದಳು ಒಮ್ಮೆ. ಅದು ಲೋಕಸಭೆಯ ಎಲೆಕ್ಷನ್. "ಎಂಪಿ ಡೆಲ್ಲಿಯಿಂದ ಬಂದು ನಲ್ಲಿ ತಿರುಗುಸ್ತಾನಾ?" ಎಂದು ಅವರು ನಕ್ಕರು, ಮಕ್ಕಳು ನಕ್ಕರು, ಅವಳೂ ನಕ್ಕಳು. ಬರಬರುತ್ತಾ ಚಾಪೆಯ ಹತ್ತಿರ ಹೋಗುವುದನ್ನೇ ಬಿಟ್ಟಳು. "ನಂದು ಫೇಲು ಅಂತ ಬರ್ಕೊಳಿ, ಪಾತ್ರೆ ತೊಳೀಬೇಕು," ಎಂದು ಒಳಗಿನಿಂದಲೇ ಹೇಳುತ್ತಿದ್ದಳು.

* * *

ಬಿಸಿಲೇರುವ ಹೊತ್ತಿಗೆ ಅಂಗಳದ ಶಾಮಿಯಾನದ ಕೆಳಗೆ ಜನ ಸೇರಿದ್ದರು. ಪಕ್ಕದ ಮನೆಯ ಬೆಟ್ಟಸ್ವಾಮಿ, ಬಾಯಿಗೆ ಬೀಗವಿಲ್ಲದ ಮನುಷ್ಯ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದ:

"ಈ ಊರಲ್ಲಿ ತಿಳ್ಕೊಂಡು ವೋಟ್ ಹಾಕ್ದೋರು ಅಂದ್ರೆ ಇವ್ರ್ ಮನೆಯೋರೇ ಕಣಪ್ಪ. ನಾವೆಲ್ಲ ಕುಕ್ಕರ್ ಇಸ್ಕೊಂಡ್ ಹಾಕ್ದೋರು. ಈಗ ನೋಡು, ಕುಕ್ಕರ್ ಇಸ್ಕೊಂಡೋರ್ಗೆಲ್ಲ ತೋಟದಾಗೆ ಜಾಗ ಐತೆ."

"ಮೆಲ್ಲಗ್ ಮಾತಾಡೋ, ಒಳಗೆ ಕೇಳ್ತದೆ," ಎಂದರು ಯಾರೋ.

"ಕೇಳ್ಲಿ ಬುಡು. ಸುಳ್ಳಾ? ಈಗಿನ್ ಮೆಂಬರ್ ಗಂಗಾಧರನ ಮನೆಗ್ ಹೋಗಿ ಮೋರಿ ಎಷ್ಟುದ್ದ, ಲೈಟ್ ಕಂಬ ಎಷ್ಟು ಅಂತೆಲ್ಲ ಕೇಳ್ಕೊಂಡ್ ಬಂದು, ಇವ್ನೇ ಸರಿ ಅಂತ ಊರಿಗೆಲ್ಲ ಹೇಳಿದ್ದು ಇವ್ರೇ ಅಲ್ವಾ?"

ಒಳಗೆ ಕೇಳಿಸಿತು. ಕಾವ್ಯ ತಲೆ ತಗ್ಗಿಸಿದಳು. ಶಿವರುದ್ರಮ್ಮ ಗಂಡನ ಕಾಲಿನ ಮೇಲೆ ಕೂತ ನೊಣವನ್ನು ಸೆರಗಿನಿಂದ ಓಡಿಸಿದಳು.

ಹೊರಗೆ ಕಾರು ನಿಂತ ಸದ್ದಾಯಿತು. ಗಂಗಾಧರ ಇಳಿದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕೈಯಲ್ಲಿ ಗುಲಾಬಿ ಹಾರ. ಪಂಚಾಯ್ತಿ ಎಲೆಕ್ಷನ್ ಇನ್ನೇನು ಬಾಗಿಲಿಗೆ ಬಂದಿರುವ ಹೊತ್ತು, ಈಗ ಊರಲ್ಲಿ ಯಾವ ಸಾವಿಗೂ ಅವನು ತಪ್ಪಿಸುವುದಿಲ್ಲ. ಆದರೂ ಹಾರ ಹಾಕಿ ಕಾಲಿಗೆ ಬಿದ್ದು ಎದ್ದಾಗ ಅವನ ಕಣ್ಣು ನಿಜವಾಗಿಯೇ ಒದ್ದೆಯಾಗಿತ್ತು.

"ನಂಗೆ ಪ್ರಶ್ನೆ ಕೇಳಿದ್ ದೊಡ್ಡೋರು ಇವ್ರೊಬ್ರೇ ಕಣಮ್ಮಾ," ಎಂದ ಶಿವರುದ್ರಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು. "ನೀವೇನ್ ಯೋಚ್ನೆ ಮಾಡ್ಬೇಡಿ. ಜೆಸಿಬಿಗೆ ಹೇಳಿದೀನಿ. ಬಂಡೆ ಒಡ್ಯೋ ಬ್ರೇಕರ್ ಇರೋದು. ಹುಲ್ಲುಬಂಡೇಲಿ ಸಂಜೆಯೊಳ್ಗೆ ಗುಣಿ ರೆಡಿ ಆಗ್ತದೆ. ಖರ್ಚೆಲ್ಲ ನಂದು."

"ಹಳೇ ಜಾಗದಾಗೆ ಬೇವಿನ ಮರದ್ ಬುಡ ಇತ್ತಲ್ಲ," ಎಂದಳು ಅವಳು. ಬೆಳಗಿನಿಂದ ಆಡಿದ ಮೊದಲ ಮಾತು.

ಗಂಗಾಧರ ಕೆಳಗೆ ನೋಡಿದ. "ಆ ಮರ ಕಡ್ದಾಯ್ತಲ್ಲಮ್ಮಾ. ಅಲ್ಲೀಗ ಕಾಂಕ್ರೀಟ್ ಬಿದ್ದದೆ. ನಾನ್ ಬೇಕೂಂತ ಮಾಡಿದ್ದಲ್ಲ. ಸರ್ಕಾರಿ ಜಾಗ ಅಂತ ಊರಲ್ಲಿದ್ದಿದ್ದು ಅದೊಂದೇ. ಷೆಡ್ಡು ಎಲ್ಲಿ ಅಂತ ಅವತ್ತು ಒಬ್ರೂ ಕೇಳ್ಲಿಲ್ಲ."

ಅದೂ ನಿಜ. ಎಲ್ಲಿ ಎಂದು ಒಬ್ಬರೂ ಕೇಳಿರಲಿಲ್ಲ.

* * *

ಕೊರೋನಾ ವರ್ಷದ ಕೊನೆಗೆ ಬಂದ ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಆ ವಾರ್ಡಿಗೆ ನಿಂತವರು ಇಬ್ಬರೇ, ಗಂಗಾಧರ ಮತ್ತು ಗಂಗಹನುಮಯ್ಯ. ಕರಿಬಸವಯ್ಯನವರು ಇಬ್ಬರ ಮನೆಗೂ ಹೋಗಿ ಪ್ರಶ್ನೆ ಕೇಳಿ ಬಂದರು. ಗಂಗಾಧರ ಡಿಪ್ಲೊಮಾ ಓದಿದವನು. ಯಾವ ಯೋಜನೆ, ಯಾವ ಅನುದಾನ, ಮೋರಿ, ದೀಪ, ಕಸದ ಘಟಕ, ಎಲ್ಲವನ್ನೂ ಪಟಪಟನೆ ಒಪ್ಪಿಸಿದ. ಗಂಗಹನುಮಯ್ಯ ತಲೆ ಕೆರೆದುಕೊಂಡು, "ನಂಗೇನ್ ತಿಳೀತದೆ ಸ್ವಾಮಿ, ಊರಾಗ್ ಇರೋದ್ನ ಕೆಡುಸ್ದಿದ್ರೆ ಸಾಕು," ಎಂದನಂತೆ.

"ಇರೋದ್ನ ಕೆಡುಸ್ದಿದ್ರೆ ಸಾಕಂತೆ! ಅದೊಂದು ಉತ್ತರಾನಾ?" ಎಂದು ಕರಿಬಸವಯ್ಯನವರು ಮನೆಗೆ ಬಂದು ನಕ್ಕಿದ್ದರು.

ಆ ಎಲೆಕ್ಷನ್ನಿಗೆ ಮುಂಚಿನ ಅಮಾವಾಸ್ಯೆಯ ದಿನ ಶಿವರುದ್ರಮ್ಮ ಎಣ್ಣೆ ಬತ್ತಿ ಹಿಡಿದು ಸ್ಮಶಾನಕ್ಕೆ ಹೋಗಿದ್ದಳು. ಬೇವಿನ ಮರದಿಂದ ಬೇಲಿಯ ತನಕ ನೆಲದ ಮೇಲೆ ಸುಣ್ಣದ ಗೆರೆ ಎಳೆದಿತ್ತು. ಗೆರೆ ನೇರವಾಗಿ ಪಂಚಾಕ್ಷರಿಯ ಸಮಾಧಿಯ ಮೇಲೆ ಹಾಯ್ದು ಹೋಗಿತ್ತು. ಅಲ್ಲಿ ಇಬ್ಬರು ಟೇಪು ಹಿಡಿದು ನಿಂತಿದ್ದರು.

"ಏನಪ್ಪಾ ಇದು?"

"ಅಳತೆ ಕಣಮ್ಮ. ಗಂಗಾಧರಣ್ಣ ಗೆದ್ರೆ ಕಸದ್ ಷೆಡ್ಡು ಬರೋದು ಇಲ್ಲೇ."

ದೀಪ ಹಚ್ಚದೆ ಅವಳು ಓಡುತ್ತಾ ಬಂದಿದ್ದಳು. ಗಂಡನ ಮುಂದೆ ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಮಗುವಿನ ಹೆಸರಿನ ಬದಲು ಊಟದ ಮಾತಾಡಿ ಒಳಗೆ ಹೋದಳು. ಪರೀಕ್ಷೆಯ ಸಂಜೆ, ಎಷ್ಟೋ ವರ್ಷಗಳ ಮೇಲೆ, ತಾನಾಗಿಯೇ ಹೋಗಿ ಚಾಪೆಯ ತುದಿಯಲ್ಲಿ ಕೂತಳು.

"ಓಹೋ! ಇವತ್ತು ನೀನೂ ಬಂದ್ಯಾ?" ಎಂದರು ಕರಿಬಸವಯ್ಯನವರು ಖುಷಿಯಿಂದ. "ಹೇಳು, ಹೋದ ಸಲದ ಮೆಂಬರು ಏನೇನ್ ಮಾಡ್ದ?"

"ಅದಲ್ಲ ನೋಡ್ರಿ. ಸ್ಮಶಾನದಾಗೆ ಸುಣ್ಣದ್ ಗೆರೆ ಹಾಕವ್ರೆ."

"ಕೇಳಿದ್ದಕ್ ಉತ್ತರ ಹೇಳು."

"ನಮ್ ಪಂಚೂದು..."

ಕರಿಬಸವಯ್ಯನವರ ಮುಖ ಕಪ್ಪಿಟ್ಟಿತು. "ಅದೆಲ್ಲ ಈಗ ಬೇಡ," ಎಂದು ಎದ್ದುಬಿಟ್ಟರು. ಪರೀಕ್ಷೆ ಅಲ್ಲಿಗೇ ಮುಗಿಯಿತು. ಕಾವ್ಯಳಿಗೂ ಕಿರಣನಿಗೂ ಕಾರ್ಡು ಸಿಕ್ಕಿತು. ಶಿವರುದ್ರಮ್ಮನ ಕಾರ್ಡು ಎಂದಿನಂತೆ ಟ್ರಂಕಿನಲ್ಲಿ ಉಳಿಯಿತು. ಕೇಳಿ ತೆಗೆದುಕೊಂಡಿದ್ದರೆ ಕೊಡುತ್ತಿದ್ದರೋ ಏನೋ. ಅವಳು ಕೇಳಲಿಲ್ಲ. ತಿಳಿಯದವಳು ಎಂಬ ಹೆಸರನ್ನು ಅಷ್ಟು ವರ್ಷ ಹೊತ್ತವಳಿಗೆ, ತನಗೆ ತಿಳಿದದ್ದೂ ಒಂದು ತಿಳಿವಳಿಕೆ ಎಂದು ಹೇಳುವ ಧೈರ್ಯ ಎಲ್ಲಿಂದ ಬರಬೇಕು?

ಎಣಿಕೆಯ ದಿನ ಅವಳು ಒಲೆಯ ಮುಂದೆ ರಾಗಿ ಹಿಟ್ಟು ತೊಳಸುತ್ತಿದ್ದಳು. ಬೀದಿಯಲ್ಲಿ ಬೆಟ್ಟಸ್ವಾಮಿ ಕೂಗಿಕೊಂಡು ಹೋದ: "ಸಮಸಮ ಬಂತಂತೆ ಕಣ್ರಪ್ಪೋ! ಇಬ್ರಿಗೂ ಒಂದೇ! ಗುಬ್ಬೀಲಿ ಚೀಟಿ ಎತ್ತಿದ್ರಂತೆ. ಗಂಗಾಧರಂಗೆ ಬಂತು!"

ಕೋಲು ಹಿಟ್ಟಿನಲ್ಲಿ ಹಾಗೇ ನಿಂತಿತು. ಲೆಕ್ಕ ಬಾರದವಳಿಗೂ ಆ ಲೆಕ್ಕ ತಕ್ಷಣ ಹೊಳೆಯಿತು. ಒಂದು. ಒಂದೇ ಒಂದು. ಅದು ನಡುಮನೆಯ ಟ್ರಂಕಿನಲ್ಲಿತ್ತು. ಅಡುಗೆಮನೆಯ ತುಂಬ ಸುಟ್ಟ ವಾಸನೆ ಬಂದು ಕಾವ್ಯ ಓಡಿಬರುವ ತನಕ ಅವಳು ಕದಲಲಿಲ್ಲ.

ಷೆಡ್ಡು ಎದ್ದ ಮೇಲೆ ಕರಿಬಸವಯ್ಯನವರು ಒಂದು ಬೆಳಿಗ್ಗೆ ಒಬ್ಬರೇ ಹೋಗಿ ನೋಡಿ ಬಂದರು. ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸುಣ್ಣದ್ ಗೆರೆ ಯಾವತ್ತು ನೋಡಿದ್ದೆ ನೀನು?" ಎಂದರು.

"ಅವತ್ತೇ ಹೇಳಿದ್ನಲ್ಲ."

ಅವರು ಚಪ್ಪಲಿ ಮೆಟ್ಟಿದ ಕಾಲಲ್ಲೇ ಹೊರಗೆ ಹೋದರು. ಆಮೇಲೆ ಗುಬ್ಬಿಗೆ, ತುಮಕೂರಿಗೆ, ಆಫೀಸಿನಿಂದ ಆಫೀಸಿಗೆ ಅರ್ಜಿ ಹಿಡಿದು ಅಲೆದರು. ಠರಾವು ಆಗಿದೆ, ನಿಮ್ಮ ಮೆಂಬರೇ ಸಹಿ ಹಾಕಿದ್ದಾರೆ ಎಂಬ ಉತ್ತರ ಎಲ್ಲ ಕಡೆಯೂ. ಮುಂದಿನ ಎಲೆಕ್ಷನ್ನಿಗೆ ಆ ಮನೆಯಲ್ಲಿ ಚಾಪೆ ಹಾಸಲಿಲ್ಲ. ಊಟಕ್ಕೆ ಕೂತಾಗ ಕರಿಬಸವಯ್ಯನವರು ಹೆಂಡತಿಯ ಕಾರ್ಡನ್ನು ಅವಳ ತಟ್ಟೆಯ ಪಕ್ಕ ಇಟ್ಟು, ತಲೆಯೆತ್ತದೆ ಉಂಡರು. ಶಿವರುದ್ರಮ್ಮ ಕೈ ತೊಳೆದು ಬಂದು ಅದನ್ನು ತಾನೇ ಟ್ರಂಕಿಗೆ ಹಾಕಿ ಮುಚ್ಚಳ ಎಳೆದಳು. ಅವಳಿಗೆ ಕೋಪ ಬಂದಿತ್ತು. ನಲವತ್ತು ವರ್ಷ ಸಂಸಾರ ಮಾಡಿದ ಗಂಡನ ಮೇಲೆ ಅಷ್ಟು ಕೋಪ ಬರಬಹುದೆಂದು ಅವಳಿಗೇ ಗೊತ್ತಿರಲಿಲ್ಲ. ಅದು ಇವತ್ತಿಗೂ ಆರಿರಲಿಲ್ಲ.

* * *

ಮಾಲಿನಿ ಗಂಡ ಅಂಜನ್‌ಕುಮಾರನ ಜೊತೆ ಕುಣಿಗಲ್ಲಿನಿಂದ ಬಂದಾಗ ಮಧ್ಯಾಹ್ನ ಕಳೆದಿತ್ತು. ಅಪ್ಪನ ಮೇಲೆ ಬಿದ್ದು ಅತ್ತು ಎದ್ದವಳೇ, "ಬಂಡೆ ಮೇಲೆ ಯಾಕಣ್ಣ? ನಮ್ ತೋಟಕ್ ತಗೊಂಡೋಗಣ. ಕೆರೆ ಪಕ್ಕದಾಗೆ ತಂಪಾಗಿರ್ತಾರೆ," ಎಂದಳು.

"ಮಗಳ ಮನೆ ಜಮೀನಾಗೆ ಅಪ್ಪನ್ನ ಇಡೋದಾ?" ಎಂದ ಕಿರಣ್‌ಕುಮಾರ್. "ನಾನಿನ್ನೂ ಬದುಕಿದೀನಿ ಕಣೇ."

ಅಂಜನ್‌ಕುಮಾರ ಫೋನು ಹಿಡಿದು ಹೊರಗೆ ಹೋದವನು ಅಣ್ಣತಮ್ಮಂದಿರ ಜೊತೆ ಮಾತಾಡಿ ಮುಖ ಚಿಕ್ಕದು ಮಾಡಿಕೊಂಡು ಬಂದ. ತೋಟ ಇನ್ನೂ ಪಾಲಾಗಿಲ್ಲ, ಹಿರಿಯರು ಒಪ್ಪುತ್ತಿಲ್ಲ. ತುಮಕೂರಿನಲ್ಲಿ ಕರೆಂಟಿನಲ್ಲಿ ಸುಡುತ್ತಾರಲ್ಲ ಎಂದು ಯಾರೋ ಅಂದರು. ಅಯ್ನೋರು ಕಿವಿ ಮುಚ್ಚಿಕೊಂಡರು. ಗೇಟು ಮುರಿದು ಷೆಡ್ಡಿನ ಅಂಗಳದಲ್ಲೇ ಗುಣಿ ತೆಗೆಯೋಣ ಎಂದ ಬೆಟ್ಟಸ್ವಾಮಿ. ಪೊಲೀಸರು ಬಂದು ಹೆಣವನ್ನು ಮೇಲೆತ್ತಿಸಿದರೆ ಏನು ಗತಿ ಎಂದು ಅದಕ್ಕೂ ಹಿಂದೆಗೆದರು. ಒಬ್ಬೊಬ್ಬರದು ಒಂದೊಂದು ಮಾತು. ಗಂಡಸರು ಗಂಡಸರನ್ನು ಕೇಳಿದರು. ಕೊನೆಗೆ ಹುಲ್ಲುಬಂಡೆಯೇ ಎಂದಾಯಿತು. ಶಿವರುದ್ರಮ್ಮನನ್ನು ಯಾ‌ರೂ ಕೇಳಲಿಲ್ಲ.

ಬಿದಿರಿನ ವಿಮಾನದಲ್ಲಿ ಕರಿಬಸವಯ್ಯನವರನ್ನು ಕೂರಿಸಿ, ಬಿಲ್ವಪತ್ರೆ ಮುಡಿಸಿ, ಭಜನೆಯವರನ್ನು ಮುಂದೆ ಮಾಡಿಕೊಂಡು ಹೊರಟರು. ಅವರಲ್ಲಿ ಹೆಂಗಸರೂ ಗುಣಿಯ ತನಕ ಬರುತ್ತಾರೆ. ದಾರಿ ಷೆಡ್ಡಿನ ಪಕ್ಕದಲ್ಲೇ ಹಾದು ಹೋಗಬೇಕು. ನೀಲಿ ತಗಡಿನ ಮಾಡು, ತಂತಿ ಬೇಲಿ, ಗೇಟಿಗೆ ಬೀಗ. ಗೋಡೆಯ ಮೇಲೆ ಹಸಿ ಕಸ, ಒಣ ಕಸ ಎಂದು ಬಣ್ಣದಲ್ಲಿ ಬರೆದಿತ್ತು. ಷೆಡ್ಡಿನ ಹಿಂದೆ, ಪಾಯ ತೆಗೆದಾಗ ಅಗೆದು ಹಾಕಿದ ಕೆಮ್ಮಣ್ಣಿನ ರಾಶಿ ಹಾಗೇ ಬಿದ್ದಿತ್ತು. ಅದರ ಮೇಲೆ ಗಾಳಿಗೆ ಹಾರಿ ಬಂದ ಪ್ಲಾಸ್ಟಿಕ್ ಕವರುಗಳು ಮೆತ್ತಿಕೊಂಡಿದ್ದವು. ಶಿವರುದ್ರಮ್ಮನ ಹೆಜ್ಜೆ ಅಲ್ಲಿ ನಿಂತಿತು. ಕಾವ್ಯ ಅವಳ ರಟ್ಟೆ ಹಿಡಿದುಕೊಂಡಳು.

"ನಾನೂ ಅವ್ನಿಗೇ ಹಾಕಿದ್ದೆ ಅತ್ತೆ. ಮೊಬೈಲಲ್ಲಿ ಎಲ್ಲ ಹುಡುಕಿ ಓದಿದ್ದೆ. ಒಳ್ಳೇದು ಅಂತಾನೇ ಹಾಕಿದ್ದೆ."

"ಗೊತ್ತು ಬುಡಮ್ಮ. ನಡಿ."

"ನಿಮ್ಮನ್ನೊಂದ್ ಮಾತು ಕೇಳ್ಬೇಕಿತ್ತು."

ಶಿವರುದ್ರಮ್ಮ ಸೊಸೆಯ ಮುಖ ನೋಡಿದಳು. "ಈಗ್ಲೂ ಕೇಳ್ಲಿಲ್ಲವಲ್ಲ," ಎಂದು ಮುಂದೆ ನಡೆದಳು.

* * *

ಹುಲ್ಲುಬಂಡೆಯಲ್ಲಿ ಜೆಸಿಬಿಯ ಬ್ರೇಕರು ಡಬಡಬ ಕುಟ್ಟುತ್ತಿದ್ದುದಕ್ಕೆ ಭಜನೆ ಕೇಳಿಸುತ್ತಲೇ ಇರಲಿಲ್ಲ. ವಿಮಾನ ಇಳಿಸುವ ಹೊತ್ತಿಗೆ ಸದ್ದು ನಿಂತಿತು. ನಿಂತ ಮೇಲೆ ಮತ್ತೆ ಶುರುವಾಗಲಿಲ್ಲ.

"ಬ್ರೇಕರ್ ಹೋಯ್ತಣ್ಣ," ಎಂದು ಡ್ರೈವರ್ ಕೆಳಗಿಳಿದ. "ಗುಬ್ಬಿಯಿಂದ ಸಾಮಾನ್ ತರುಸ್ಬೇಕು. ಇವತ್ತಿಗ್ ಆಗಲ್ಲ."

ಗಂಗಹನುಮಯ್ಯ ಗುಣಿಗಿಳಿದು ಜೇಬಿನಿಂದ ಹಂಚಿಕಡ್ಡಿ ತೆಗೆದು ಅಳೆದ. ಮೇಲೆ ನೋಡಿದ. "ಅರ್ಧಕ್ಕೂ ಬಂದಿಲ್ಲ. ಕೂರ್ಸಿದ್ರೆ ತಲೆ ಮೇಲೇ ಉಳೀತದೆ."

ಬಿಸಿಲು ಕೆಂಪಾಗುತ್ತಿತ್ತು. ಕತ್ತಲಾಗುವ ಮೊದಲು ಮುಗಿಸಬೇಕು ಎಂದರು ಅಯ್ನೋರು. ಗಂಗಾಧರ ಯಾರಿಗೋ ಫೋನಿನ ಮೇಲೆ ಫೋನು ಮಾಡಿದ. ಯಾರೋ ಹಿಂದಿನಿಂದ, "ಮಲಗ್ಸಿಬಿಡ್ರಪ್ಪ, ಅಷ್ಟ್ ಆಳ ಸಾಕು," ಎಂದರು. ಕಿರಣ್‌ಕುಮಾರ್ ಗುಣಿಯ ಅಂಚಿನಲ್ಲಿ ಕುಸಿದು ಕೂತು ಮುಖ ಮುಚ್ಚಿಕೊಂಡ. ಅಷ್ಟು ಜನರ ನಡುವೆ ಅವನು ಚಿಕ್ಕ ಮಗುವಿನ ಹಾಗೆ ಅತ್ತ.

"ಮಲಗ್ಸೋದ್ ಬೇಡ," ಎಂದಳು ಶಿವರುದ್ರಮ್ಮ.

ಮಾತು ಜೋರಾಗಿಯೇನೂ ಇರಲಿಲ್ಲ. ಆದರೂ ಎಲ್ಲರೂ ತಿರುಗಿದರು.

"ಕೂರ್ಸಿ. ತಲೆ ಮೇಲೆ ಉಳುದ್ರೆ ಉಳೀಲಿ. ಸುತ್ತ ಮಣ್ಣು ಏರ್ಸಿ."

"ಮಣ್ಣೆಲ್ಲೈತಕ್ಕಾ ಇಲ್ಲಿ?" ಎಂದ ಗಂಗಹನುಮಯ್ಯ. "ಬರೀ ಕಲ್ಚಕ್ಕೆ."

"ಷೆಡ್ಡಿನ್ ಹಿಂದೆ ಐತಲ್ಲ, ಕೆಮ್ಮಣ್ಣು. ಅದ್ನ ತುಂಬ್ಕೊಂಡ್ ಬಾ. ಮಗನ ಹತ್ರ ಇವ್ರನ್ನ ಕರ್ಕೊಂಡ್ ಹೋಗಾಕೆ ನೀವ್ ಬುಡ್ಲಿಲ್ಲ. ಮಗನ್ನ ಇಲ್ಲಿಗ್ ತನ್ನಿ."

ಗಂಗಾಧರ ಫೋನು ಕೆಳಗಿಳಿಸಿದ. "ಅದ್ರಾಗೆ ಕಸ ಬೆರ್ತುಬಿಟ್ಟದೆ ಕಣಮ್ಮಾ. ನಾನು ಒಳ್ಳೆ ಮಣ್ಣು ತರುಸ್ತೀನಿ, ಕೆರೆ ಗೋಡು..."

"ಬೀಗದ್ ಕೈ ಕೊಡಪ್ಪ ಗಂಗಾಧರ."

ಅವನು ಜೇಬು ತಡಕಿದ. ಒಂದು ಗಳಿಗೆ ಅವಳ ಮುಖ ನೋಡಿ, ಬೀಗದ ಕೈಯನ್ನು ಗಂಗಹನುಮಯ್ಯನಿಗೆ ಕೊಟ್ಟ.

ಟ್ರ್ಯಾಕ್ಟರ್ ಹೋಗಿ ಬರುವಷ್ಟರಲ್ಲಿ ಕರಿಬಸವಯ್ಯನವರನ್ನು ಗುಣಿಗೆ ಇಳಿಸಿ ಕೂರಿಸಿದ್ದರು. ಅಂಗೈಯಲ್ಲಿ ಲಿಂಗ, ಸುತ್ತ ಉಪ್ಪು, ವಿಭೂತಿ ಗಟ್ಟಿ, ಪತ್ರೆ. ಗಂಗಹನುಮಯ್ಯನ ಮಾತು ಸುಳ್ಳಾಗಲಿಲ್ಲ. ಎದೆಯಿಂದ ಮೇಲೆ ಅವರು ನೆಲದ ಹೊರಗೇ ಉಳಿದರು. ಅಷ್ಟು ಜನ ಸುತ್ತ ನಿಂತು, ನೋಡಲಾರದೆ, ಆಚೆ ಈಚೆ ನೋಡುತ್ತಿದ್ದರು.

ಟ್ರೈಲರು ಸುರಿದ ಮಣ್ಣು ಕೆಂಪಗಿತ್ತು. ಅದರ ತುಂಬ ಶಾಂಪೂ ಪ್ಯಾಕೆಟ್ಟು, ಹಾಲಿನ ಕವರು, ಗುಟ್ಕಾ ಪೊಟ್ಟಣ. ಗುದ್ದಲಿ ಹಿಡಿದವರು ಅನುಮಾನಿಸುತ್ತಾ ನಿಂತರು. ಶಿವರುದ್ರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ರಾಶಿಯ ಮುಂದೆ ಮಂಡಿಯೂರಿದಳು. ಒಂದು ಬೊಗಸೆ ಮಣ್ಣು ತೆಗೆದುಕೊಂಡು, ಅಕ್ಕಿಯಲ್ಲಿ ಕಲ್ಲು ಆಯುವ ಹಾಗೆ ಪ್ಲಾಸ್ಟಿಕ್ಕಿನ ಚೂರುಗಳನ್ನು ಆಯ್ದು ಪಕ್ಕಕ್ಕೆ ಹಾಕಿ, ಉಳಿದ ಮಣ್ಣನ್ನು ಗಂಡನ ಎದೆಗೆ ಒತ್ತಿದಳು. ಮತ್ತೊಂದು ಬೊಗಸೆ. ಮತ್ತೊಂದು.

"ಹಿಂಗಾದ್ರೆ ಬೆಳಕರೀತದೆ ಕಣಕ್ಕಾ," ಎಂದ ಬೆಟ್ಟಸ್ವಾಮಿ. ಅವಳು ಇನ್ನೊಂದು ಬೊಗಸೆ ತೆಗೆದಳು. ಕಾವ್ಯ ಬಂದು ಪಕ್ಕದಲ್ಲಿ ಕೂತಳು. ಆಮೇಲೆ ಮಾಲಿನಿ. ಬೆಟ್ಟಸ್ವಾಮಿಯೂ ಗೊಣಗುತ್ತಾ ಕೂತ. ಕೊನೆಗೆ ಗಂಗಾಧರ ಬಿಳಿ ಅಂಗಿಯ ತೋಳು ಮಡಿಸಿಕೊಂಡು, ಎಲ್ಲರಿಗಿಂತ ಹಿಂದೆ, ಮಣ್ಣಿಗೆ ಕೈ ಹಾಕಿದ. ಗಂಗಹನುಮಯ್ಯ ಟ್ರ್ಯಾಕ್ಟರಿನ ದೀಪ ಹಾಕಿದ.

ಮಣ್ಣು ಭುಜ ಮುಚ್ಚಿತು. ಆಗಲೇ ಶಿವರುದ್ರಮ್ಮನಿಗೆ ಅಳು ಬಂದದ್ದು. ಸದ್ದಿಲ್ಲದೆ, ಕೈ ನಿಲ್ಲಿಸದೆ ಅತ್ತಳು. ಅತ್ತದ್ದು ಗಂಡನಿಗೋ ಮಗನಿಗೋ ಅವಳಿಗೇ ತಿಳಿಯಲಿಲ್ಲ. ಕೋಪವೂ ಅಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ.

ಬೊಗಸೆಯ ಮಣ್ಣಿನಲ್ಲಿ ಬೆರಳಿಗೆ ಏನೋ ಗಟ್ಟಿಯಾದದ್ದು ಸಿಕ್ಕಿತು. ಬೆರಳಿನಷ್ಟೂ ಉದ್ದವಿಲ್ಲ, ಬೆಳ್ಳಗೆ, ಹಗುರವಾಗಿತ್ತು. ಅವಳು ಅದನ್ನು ದೀಪದ ಕಡೆಗೆ ಹಿಡಿಯಲಿಲ್ಲ. ಪಕ್ಕದ ಕಸದ ಗುಡ್ಡೆಗೂ ಹಾಕಲಿಲ್ಲ.

"ಏನತ್ತೆ ಅದು?" ಎಂದಳು ಕಾವ್ಯ.

"ಏನಿಲ್ಲ. ಮಣ್ಣು."

ಅಂಗೈ ಮುಚ್ಚಿಕೊಂಡು ಮುಂದೆ ಬಾಗಿ, ಅದನ್ನು ಗಂಡನ ಎಡ ಭುಜಕ್ಕೆ, ಕಿವಿಯ ಹತ್ತಿರಕ್ಕೆ ಆನಿಸಿಟ್ಟಳು. ಜಾರಿ ಬೀಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಅದರ ಮೇಲೆ ಮಣ್ಣು ಎಳೆಯತೊಡಗಿದಳು.